ಹತ್ತು ಗಂಟೆಯ ಲೆಕ್ಕ: 1973ರ ರೈಲು ಚಾಲಕರ ಮುಷ್ಕರದ ಮರುಪರಿಶೀಲನೆ

1974ರ ಮೇ 8ರಿಂದ 27ರವರೆಗೆ ನಡೆದ ರೈಲ್ವೆ ಮುಷ್ಕರವನ್ನು ಓದುವ ಎರಡು ವಾಡಿಕೆಗಳು ನಮ್ಮಲ್ಲಿ ಬೇರೂರಿವೆ. ಒಂದು, ತುರ್ತು ಪರಿಸ್ಥಿತಿಯ ಪೀಠಿಕೆಯೆಂದು ಓದುವುದು. ಇನ್ನೊಂದು, ಅದರ ನಾಯಕ, ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರ ಜೀವನಚರಿತ್ರೆಯ ಒಂದು ಅಧ್ಯಾಯವೆಂದು ಓದುವುದು. ಕನ್ನಡದಲ್ಲಿ ಎರಡನೆಯದೇ ಹೆಚ್ಚು. ಅದರ ಹಿಂದಿರುವ ಅಭಿಮಾನ ನನಗೂ ಇದೆ. ಆದರೆ ಎರಡರಲ್ಲೂ ಎಂಜಿನ್ ಚಾಲಕರೇ ಮರೆಯಾಗಿದ್ದಾರೆ. 1973ರ ಆಗಸ್ಟ್‌ನಲ್ಲಿ ಅಖಿಲ ಭಾರತ ಲೋಕೊ ರನ್ನಿಂಗ್ ಸ್ಟಾಫ್ ಅಸೋಸಿಯೇಷನ್ ನಡೆಸಿದ ಮುಷ್ಕರವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದು ಚರಿತ್ರೆಗೆ ಬಗೆದ ಅನ್ಯಾಯ.

ಆ ಮುಷ್ಕರದ ಫಲವಾಗಿ ರೈಲ್ವೆ ಸಚಿವ ಎಲ್.ಎನ್. ಮಿಶ್ರಾ ಅವರು ಸಂಸತ್ತಿನಲ್ಲಿ ಕೊಟ್ಟ ಭರವಸೆಯೇ ನನ್ನ ವಾದದ ಮುಖ್ಯ ಆಧಾರ. ಚಾಲಕನ ಕೆಲಸ ಸೈನ್ ಆನ್‌ನಿಂದ ಸೈನ್ ಆಫ್‌ವರೆಗೆ ಹತ್ತು ಗಂಟೆ ಮೀರಬಾರದು ಎಂಬುದು ಅದರ ತಿರುಳು. ಇದರಲ್ಲಿ ಹೊಸತೇನಿಲ್ಲ, ನ್ಯಾಯಮೂರ್ತಿ ಮಿಯಾಭಾಯ್ ನೇತೃತ್ವದ ರೈಲ್ವೆ ಕಾರ್ಮಿಕ ನ್ಯಾಯಮಂಡಳಿ ಆಗಲೇ ಹತ್ತು ಗಂಟೆಯ ಮಾತನಾಡಿತ್ತು, ಮುಷ್ಕರವು ಬಾಗಿಲು ತೆರೆದಿದ್ದ ಮನೆಗೆ ನುಗ್ಗಿತಷ್ಟೇ ಎನ್ನುವವರಿದ್ದಾರೆ. ಈ ವಾದವನ್ನು ನಾನು ಒಪ್ಪಲಾರೆ. ನ್ಯಾಯಮಂಡಳಿಯ ಹತ್ತು ಗಂಟೆ ರನ್ನಿಂಗ್ ಡ್ಯೂಟಿಗೆ, ಅಂದರೆ ಗಾಡಿ ಹೊರಟ ಮೇಲಿನ ಕೆಲಸಕ್ಕೆ, ಸಂಬಂಧಿಸಿದ್ದು; ಅದರ ಪ್ರಕಾರ ಬದಲಿ ಸಿಬ್ಬಂದಿಯನ್ನು ಕೇಳುವ ಹಕ್ಕು ಹುಟ್ಟುವುದು ಹನ್ನೆರಡು ಗಂಟೆಯ ನಂತರ. ಎರಡರಲ್ಲೂ ಹತ್ತು ಎಂಬ ಅಂಕಿ ಇದೆಯೆಂದ ಮಾತ್ರಕ್ಕೆ ಅಳತೆ ಒಂದೇ ಆಗುವುದಿಲ್ಲ.

ಉಗಿ ಎಂಜಿನ್ನಿನ ಕಾಲದ ದಿನಚರಿಯನ್ನು ನೆನೆದರೆ ವ್ಯತ್ಯಾಸದ ತೂಕ ತಿಳಿಯುತ್ತದೆ. ಚಾಲಕನೂ ಫೈರ್‌ಮನ್ನನೂ ಲೋಕೊ ಶೆಡ್ಡಿನಲ್ಲಿ ಸಹಿ ಮಾಡಿ, ಎಂಜಿನ್ ವಹಿಸಿಕೊಂಡು, ಎಣ್ಣೆ, ನೀರು, ಕಲ್ಲಿದ್ದಲು ನೋಡಿಕೊಂಡು, ಬಳಿಕ ಗಾಡಿಗೆ ಜೋಡಿಸಬೇಕು. ಗಾಡಿ ಹೊರಡುವ ಮುನ್ನವೇ ಬೆವರು ಹರಿದಿರುತ್ತದೆ. ಊರು ತಲುಪಿದ ಮೇಲೂ ಎಂಜಿನ್ನನ್ನು ಶೆಡ್ಡಿಗೆ ಒಪ್ಪಿಸುವ ಕೆಲಸ ಬಾಕಿ. ಗಾಡಿ ಚಲಿಸಿದ ಗಳಿಗೆಯಿಂದ ಲೆಕ್ಕ ಶುರುವಾದರೆ ಈ ದುಡಿಮೆಯೆಲ್ಲ ಮಿತಿಯ ಹೊರಗೆ ಉಳಿಯುತ್ತದೆ. ಮೊದಲ ಸಹಿಯಿಂದ ಕೊನೆಯ ಸಹಿಯವರೆಗಿನ ಕಾಲವನ್ನೆಲ್ಲ ಕೆಲಸವೆಂದು ಸಚಿವರ ಬಾಯಿಂದ ಒಪ್ಪಿಸಿದ್ದೇ ಚಾಲಕರ ಗೆಲುವು. ಭರವಸೆ ಪೂರ್ತಿ ಜಾರಿಗೆ ಬರಲಿಲ್ಲ, ನಿಜ. ನಂತರದ ನಿಯಮಗಳು ರನ್ನಿಂಗ್ ಡ್ಯೂಟಿಗೆ ಒಂದು ಮಿತಿ, ಒಟ್ಟು ಕೆಲಸಕ್ಕೆ ಇನ್ನೊಂದು ಮಿತಿ ಎಂಬ ಹಳೆಯ ಹಾದಿಗೇ ಮರಳಿದವು. ಹಾಗೆ ಮರಳಿದ್ದೇ ಭರವಸೆಯ ಬೆಲೆಗೆ ಸಾಕ್ಷಿ: ಹಳೆಯ ಮಾತೇ ಆಗಿದ್ದರೆ ಆಡಳಿತ ಅದರಿಂದ ಹಿಂದೆ ಸರಿಯಬೇಕಾದ ಅಗತ್ಯವೇ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಇನ್ನೂ ಹೆಚ್ಚು ಕಡೆಗಣಿಸಲಾಗಿದೆ. ಮುಷ್ಕರ ನಡೆಸಿದ ಚಾಲಕರ ಅಸೋಸಿಯೇಷನ್‌ಗೆ ಸರ್ಕಾರದ ಮಾನ್ಯತೆ ಇರಲಿಲ್ಲ. ಕಾಯಂ ಸಂಧಾನ ವ್ಯವಸ್ಥೆಯಲ್ಲಿ ಕುರ್ಚಿ ಇದ್ದದ್ದು ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ ಮತ್ತು ಭಾರತೀಯ ರೈಲ್ವೆ ನೌಕರರ ರಾಷ್ಟ್ರೀಯ ಒಕ್ಕೂಟ ಎರಡಕ್ಕೇ. ಕುರ್ಚಿ ಇಲ್ಲದವರು ಗಾಡಿ ನಿಲ್ಲಿಸಿ ಮಾತುಕತೆಗೆ ಕರೆಸಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಫರ್ನಾಂಡಿಸ್ ಅವರು ಆಗಿನ ಅಧ್ಯಕ್ಷ ಪೀಟರ್ ಆಲ್ವಾರಿಸ್ ಅವರನ್ನು ಸೋಲಿಸಿ ರೈಲ್ವೆಮೆನ್ಸ್ ಫೆಡರೇಷನ್ನಿನ ಅಧ್ಯಕ್ಷರಾದರು. 1974ರ ಫೆಬ್ರವರಿಯಲ್ಲಿ ರೈಲ್ವೆ ನೌಕರರ ಹೋರಾಟಕ್ಕಾಗಿ ರಾಷ್ಟ್ರೀಯ ಸಮನ್ವಯ ಸಮಿತಿ ರೂಪುಗೊಂಡಾಗ ಮಾನ್ಯತೆ ಇಲ್ಲದ ಸಂಘಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಹಳೆಯ ಸಂಧಾನದ ಹಾದಿ ಸವೆದಿದೆ ಎಂಬ ನಂಬಿಕೆ ಕೆಳಗಿನ ನೌಕರರಲ್ಲಿ ಮೊದಲೇ ಬಲಿತಿತ್ತು. ಫರ್ನಾಂಡಿಸ್ ಅದನ್ನು ಗುರುತಿಸಿ ದೇಶವ್ಯಾಪಿಯಾಗಿಸಿದರು ಎಂಬುದು ನನ್ನ ತೀರ್ಮಾನ. ಇದರಿಂದ ಅವರ ಹಿರಿಮೆ ಕುಗ್ಗುವುದಿಲ್ಲ.

ಚಾಲಕರ ಸಂಘ ಒಂದೇ ವೃತ್ತಿಯ ಹಿತಕ್ಕಾಗಿ ಕಾರ್ಮಿಕರನ್ನು ಒಡೆಯಿತು ಎಂಬ ಆಕ್ಷೇಪ ಎಡಪಂಥೀಯರಲ್ಲೂ ಉಂಟು. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗೆ ಇಲ್ಲದ ಬಲ ಚಾಲಕನಿಗಿತ್ತು ಎಂಬಷ್ಟಕ್ಕೆ ಈ ಆಕ್ಷೇಪ ಸರಿ. ಆದರೆ ಬೋನಸ್ಸು, ಎಂಟು ಗಂಟೆ ಕೆಲಸ ಎಲ್ಲ ರೈಲ್ವೆ ನೌಕರರ ಬೇಡಿಕೆಯಾದಾಗ ಇದೇ ಸಂಘ ಸಮನ್ವಯ ಸಮಿತಿಯ ಜೊತೆ ನಿಂತಿತು. ಒಡೆದವರು ಹಾಗೆ ನಿಲ್ಲುವುದಿಲ್ಲ.

1974ರ ಮುಷ್ಕರದ ಚರಿತ್ರೆ ಮೇ 2ರಂದು ಲಖನೌದಲ್ಲಿ ಫರ್ನಾಂಡಿಸ್ ಅವರ ಬಂಧನದಿಂದ ಆರಂಭವಾಗುವುದಿಲ್ಲ. ಅದು ಹಿಂದಿನ ವರ್ಷದ ಆಗಸ್ಟ್‌ನಲ್ಲಿ, ಲೋಕೊ ಶೆಡ್ಡುಗಳಲ್ಲಿ ಆರಂಭವಾಗುತ್ತದೆ. ಮುಂದೆ ಬರೆಯುವವರು ಅಲ್ಲಿಂದಲೇ ಬರೆಯಬೇಕು.