ಲಂಡನ್ನಿನ ಬಡವರ ಪ್ರಾಣಿಚಿಕಿತ್ಸಾಲಯ: ಸಾಕಿದವರ ಅನುಭವವನ್ನು ಕುರಿತು ಒಂದು ವಿಚಾರ (1917–1948)

ವೈದ್ಯದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ವೈದ್ಯರನ್ನೂ ವಿದ್ಯಾಲಯಗಳನ್ನೂ ಔಷಧಗಳನ್ನೂ ಕುರಿತು ಬರೆದಿದ್ದಾರೆ. ಚಿಕಿತ್ಸಾಲಯದ ಬಾಗಿಲಲ್ಲಿ ಕಾದು ನಿಂತವರ ಕಡೆಯಿಂದ ಆ ಚರಿತ್ರೆಯನ್ನು ನೋಡಿದ ಗ್ರಂಥಗಳು ಕಡಮೆ. ಪಶುವೈದ್ಯದ ವಿಷಯದಲ್ಲಿಯಂತೂ ಈ ಕೊರತೆ ಇಮ್ಮಡಿಯಾದುದು. ಇಲ್ಲಿ ರೋಗಿಗೆ ಮಾತು ಬಾರದು. ರೋಗಿಯ ಪರವಾಗಿ ಮಾತನಾಡುವವನ ಮಾತೋ ಬಹುಮಟ್ಟಿಗೆ ಅನ್ಯರ ಲೇಖನಿಯ ಮೂಲಕವೇ ನಮಗೆ ಬಂದಿದೆ. ಲಂಡನ್ ನಗರದ ಪೂರ್ವಭಾಗದಲ್ಲಿ 1917ರಲ್ಲಿ ಆರಂಭವಾದ ಒಂದು ಧರ್ಮಾರ್ಥ ಚಿಕಿತ್ಸಾಲಯವನ್ನು ನಿದರ್ಶನವಾಗಿಟ್ಟುಕೊಂಡು, ಅಲ್ಲಿಗೆ ನಾಯಿ, ಬೆಕ್ಕು, ಕತ್ತೆಗಳನ್ನು ಕರೆತಂದವರ ಅನುಭವವೆಂತಹುದೆಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ. ನಮ್ಮ ಮುಖ್ಯ ಪ್ರಶ್ನೆ ಇಷ್ಟು: ಬಡವನು ತನ್ನ ಪ್ರಾಣಿಯನ್ನು ನರಳಲು ಬಿಟ್ಟುದು ನಿರ್ದಯೆಯಿಂದಲೋ, ನಿರುಪಾಯದಿಂದಲೋ?

ಮೊದಲು ಹಿನ್ನೆಲೆಯನ್ನು ನೋಡಬೇಕು. ಯೂರೋಪಿನ ಮೊದಲ ಪಶುವೈದ್ಯಶಾಲೆ ಫ್ರಾನ್ಸಿನ ಲಿಯೋನ್ ನಗರದಲ್ಲಿ 1762ರಲ್ಲಿ ತೆರೆಯಿತು. ಲಂಡನ್ನಿನ ಪಶುವೈದ್ಯ ಕಾಲೇಜು 1791ರಲ್ಲಿ ಸ್ಥಾಪಿತವಾಯಿತು. ಲಂಡನ್ನಿನಲ್ಲಿ ಬಹುಕಾಲ ಪಾಠದ ಕೇಂದ್ರವಾಗಿದ್ದುದು ಕುದುರೆ. ಸೈನ್ಯಕ್ಕೆ, ಸಾಗಾಣಿಕೆಗೆ, ಶ್ರೀಮಂತರ ಸವಾರಿಗೆ ಕುದುರೆಯೇ ಆಧಾರವಾಗಿದ್ದುದರಿಂದ ಪಶುವೈದ್ಯನ ಆದಾಯವೂ ಗೌರವವೂ ಅದನ್ನೇ ಅವಲಂಬಿಸಿದ್ದುವು. ನಾಯಿ ಬೆಕ್ಕುಗಳ ಚಿಕಿತ್ಸೆ ಘನವಾದ ಕೆಲಸವೆಂದು ಎಣಿಕೆಯಾಗಿರಲಿಲ್ಲ. 1824ರಲ್ಲಿ ಪ್ರಾಣಿಹಿಂಸಾನಿವಾರಣ ಸಂಘ ಹುಟ್ಟಿತು. 1860ರಲ್ಲಿ ಮೇರಿ ಟೀಲ್ಬಿ ಎಂಬಾಕೆ ಬೀಡಾಡಿ ನಾಯಿಗಳಿಗೆ ಆಶ್ರಯಸ್ಥಾನವೊಂದನ್ನು ತೆರೆದಳು. 1906ರಲ್ಲಿ ಲಂಡನ್ನಿನ ವಿಕ್ಟೋರಿಯಾ ಭಾಗದಲ್ಲಿ ಬಡವರ ಪ್ರಾಣಿಗಳಿಗಾಗಿ ಒಂದು ಆಸ್ಪತ್ರೆ ಪ್ರಾರಂಭವಾಯಿತು. ದಯೆಯ ಸಂಸ್ಥೆಗಳು ಹೀಗೆ ಒಂದೊಂದಾಗಿ ಬೆಳೆದುವು. ಆದರೆ ಪೂರ್ವ ಲಂಡನ್ನಿನ ಕೂಲಿಗಾರನಿಗೆ ಅವು ದೂರದವು; ಶುಲ್ಕ ಕೇಳುವ ವೈದ್ಯನು ಇನ್ನೂ ದೂರದವನು.

ಈ ಕೂಲಿಗಾರರ ಮನೆಗಳಲ್ಲಿ ಪ್ರಾಣಿಗಳಿಗೆ ಕೊರತೆಯಿರಲಿಲ್ಲ. ತರಕಾರಿಯ ಗಾಡಿಯೆಳೆಯುವ ಕತ್ತೆ, ಇಲಿ ಹಿಡಿಯುವ ಬೆಕ್ಕು, ಹಿತ್ತಿಲ ಮೊಲ, ಪಂಜರದ ಹಕ್ಕಿ, ಬಾಗಿಲು ಕಾಯುವ ನಾಯಿ, ಇವು ಆ ಬೀದಿಗಳ ಸಂಸಾರದ ಅಂಗಗಳೇ ಆಗಿದ್ದುವು. ನಾಯಿಯನ್ನು ಸಾಕಬೇಕಾದರೆ 1878ರ ಕಾಯಿದೆಯಂತೆ ವರ್ಷಕ್ಕೆ 7 ಷಿಲಿಂಗ್ 6 ಪೆನ್ಸ್ ತೆತ್ತು ಪರವಾನಗಿ ಪಡೆಯಬೇಕಾಗಿತ್ತು. ಬಡವನಿಗೆ ಇದೊಂದೇ ಸಾಕಷ್ಟು ಹೊರೆ. ಅದರ ಮೇಲೆ ವೈದ್ಯನ ಶುಲ್ಕವೂ ಸೇರಿದರೆ ಪ್ರಾಣಿಯನ್ನು ಉಳಿಸಿಕೊಳ್ಳುವುದು ಅವನ ಕೈಮೀರಿದ ಕೆಲಸ. ಗಾಯ ಕೀವಾದರೂ ಮೂಳೆ ಮುರಿದರೂ ಮನೆಮದ್ದೇ ಗತಿ. ಅದೂ ಸಾಗದಿದ್ದರೆ ನೀರಿನಲ್ಲಿ ಮುಳುಗಿಸುವುದು.

ಮರಿಯಾ ಡಿಕಿನ್ (1870–1951) ಪೂರ್ವ ಲಂಡನ್ನಿನ ಬಡವರ ಮನೆಗಳಿಗೆ ಹೋಗಿಬರುತ್ತಿದ್ದ ಸಮಾಜಸೇವಕಿ. ಅಲ್ಲಿ ಮನುಷ್ಯರ ಕಷ್ಟವನ್ನು ನೋಡಲು ಹೋದವಳು ಪ್ರಾಣಿಗಳ ಕಷ್ಟವನ್ನೂ ಕಂಡಳು. 1917ರ ನವೆಂಬರ್ 17ರಂದು ವೈಟ್‌ಚಾಪೆಲ್ ಎಂಬ ಪ್ರದೇಶದಲ್ಲಿ ಒಂದು ನೆಲಮಾಳಿಗೆಯಲ್ಲಿ ಆಕೆ ಚಿಕಿತ್ಸಾಲಯವನ್ನು ತೆರೆದಳು. ರೋಗದ ಪ್ರಾಣಿಗಳನ್ನು ಕರೆತರಬೇಕೆಂದೂ ಅವು ನರಳುವಂತೆ ಬಿಡಬಾರದೆಂದೂ ಎಲ್ಲ ಚಿಕಿತ್ಸೆಯೂ ಉಚಿತವೆಂದೂ ಬಾಗಿಲಲ್ಲಿ ಬರೆದು ಹಾಕಲಾಯಿತು. ಪೀಪಲ್ಸ್ ಡಿಸ್ಪೆನ್ಸರಿ ಎಂದು ಖ್ಯಾತವಾದ ಸಂಸ್ಥೆಯ ಮೂಲ ಇದೇ. ಮಹಾಯುದ್ಧದ ನಾಲ್ಕನೆಯ ವರ್ಷ ಅದು. ಮನುಷ್ಯರಿಗೇ ಆಹಾರ ಸಾಲದ ಕಾಲ. ಅಂತಹ ಕಾಲದಲ್ಲಿ ಪ್ರಾಣಿಗಳನ್ನೆತ್ತಿಕೊಂಡು ಬಂದ ಜನರ ಗುಂಪನ್ನು ಹತೋಟಿಯಲ್ಲಿಡಲು ಪೋಲೀಸರು ಬರಬೇಕಾಯಿತು.

ಈ ಗುಂಪನ್ನು ನಾವು ಒಂದು ಐತಿಹಾಸಿಕ ಸಾಕ್ಷ್ಯವೆಂದು ಪರಿಗಣಿಸಬೇಕು. ಬಡವರು ಪ್ರಾಣಿಗಳ ವಿಷಯದಲ್ಲಿ ಕಠಿನಹೃದಯರು, ಅವರಿಗೆ ದಯೆಯನ್ನು ಕಲಿಸಬೇಕು ಎಂಬ ಭಾವನೆ ವಿಕ್ಟೋರಿಯಾ ಯುಗದ ಉಪಕಾರಿಗಳಲ್ಲಿ ಬೇರೂರಿತ್ತು. ಆದರೆ ದಯೆಯಿಲ್ಲದವನು ಅರ್ಧದಿನದ ಕೂಲಿಯನ್ನು ಬಿಟ್ಟು ಬೆಕ್ಕನ್ನು ಚೀಲದಲ್ಲಿ ಹೊತ್ತು ಸಾಲಿನಲ್ಲಿ ನಿಲ್ಲುವುದಿಲ್ಲ. ಆ ಜನರಿಗೆ ಹೊಸದಾಗಿ ದಯೆಯನ್ನು ಯಾರೂ ಉಪದೇಶಿಸಿರಲಿಲ್ಲ. ಬಾಗಿಲು ತೆರೆಯಿತು, ಅಷ್ಟೆ. ಇದ್ದ ದಯೆಗೆ ದಾರಿಯಾಯಿತು. ಆದುದರಿಂದ ನಿರ್ದಯೆಯೆಂದು ಬಗೆಯಲಾಗಿದ್ದುದು ಬಹುಮಟ್ಟಿಗೆ ನಿರುಪಾಯವೇ ಎಂಬ ನಿರ್ಣಯಕ್ಕೆ ಬರಬೇಕಾಗುತ್ತದೆ.

ಸಂಸ್ಥೆ ಬಲುಬೇಗ ಬೆಳೆಯಿತು. ಬೇರೆ ಬೇರೆ ಕಡೆಗಳಲ್ಲಿ ಶಾಖೆಗಳಾದುವು. ಊರೂರಿಗೆ ಹೋಗುವ ಗಾಡಿಯ ಚಿಕಿತ್ಸಾಲಯಗಳು ಹೊರಟುವು. ಇಲ್‌ಫರ್ಡಿನಲ್ಲಿ ಒಂದು ದೊಡ್ಡ ಆರೋಗ್ಯಧಾಮ ಕಟ್ಟಲ್ಪಟ್ಟಿತು. ಇದರೊಡನೆಯೇ ಒಂದು ವಿವಾದವೂ ಬೆಳೆಯಿತು. 1881ರ ಪಶುವೈದ್ಯ ಕಾಯಿದೆ ಪಶುವೈದ್ಯನೆಂಬ ಹೆಸರನ್ನು ಮಾತ್ರ ರಕ್ಷಿಸಿತ್ತು. ಆ ಹೆಸರನ್ನು ಧರಿಸದೆ ಯಾರಾದರೂ ಚಿಕಿತ್ಸೆ ನಡೆಸಬಹುದಾಗಿತ್ತು. ಡಿಕಿನ್ ತನ್ನಲ್ಲಿಯೇ ತರಪೇತುಗೊಳಿಸಿದ, ಕಾಲೇಜಿನ ಪದವಿಯಿಲ್ಲದ ಸಿಬ್ಬಂದಿಯನ್ನು ಬಳಸಿಕೊಂಡಳು. ಪದವೀಧರ ವೈದ್ಯರು ಇದನ್ನು ತೀವ್ರವಾಗಿ ವಿರೋಧಿಸಿದರು. ಅವರ ವಾದವನ್ನು ಕೇವಲ ಸ್ವಾರ್ಥವೆಂದು ತಳ್ಳಿಬಿಡಲಾಗದು. ರೋಗವನ್ನು ತಪ್ಪಾಗಿ ಗುರುತಿಸಿದರೆ ನೋವು ಹೆಚ್ಚುವುದು ಪ್ರಾಣಿಗೆ, ಮತ್ತು ಅದಕ್ಕೆ ದೂರು ಹೇಳುವ ಶಕ್ತಿಯಿಲ್ಲ. ಡಿಕಿನ್ನಳ ವಾದವೂ ಅಷ್ಟೇ ಬಲವಾದುದು: ಪದವೀಧರರು ಬಾರದ ಬೀದಿಗಳಲ್ಲಿ ಪ್ರಾಣಿಗಳು ಸಾಯುವುದೇ ನ್ಯಾಯವೆ? ಒಂದು ಕಡೆ ಜ್ಞಾನದ ಹಕ್ಕು, ಇನ್ನೊಂದು ಕಡೆ ಎಟುಕಿನ ಹಕ್ಕು. ಸಾಕಿದವನಿಗೆ ಈ ಎರಡೂ ಬೇಕು. ಅಂದು ಅವನಿಗೆ ಒಂದೇ ಸಿಕ್ಕುವಂತಿತ್ತು.

ಸಾಕಿದವರು ಶಾಸ್ತ್ರಕ್ಕೆ ಕೇವಲ ಋಣಿಗಳಾಗಿರಲಿಲ್ಲವೆಂಬುದಕ್ಕೂ ಆ ಕಾಲದ ನಿದರ್ಶನವುಂಟು. ಡಿಸ್ಟೆಂಪರ್ ಎಂಬ ರೋಗ ನಾಯಿಮರಿಗಳ ಪಾಲಿನ ಮಾರಿಯಾಗಿತ್ತು. 1923ರಲ್ಲಿ ದಿ ಫೀಲ್ಡ್ ಎಂಬ ಪತ್ರಿಕೆಯ ಪ್ರೇರಣೆಯಿಂದ ನಾಯಿ ಸಾಕುವವರಿಂದಲೂ ಇತರರಿಂದಲೂ ಹಣ ಕೂಡಿಸಿ ಸಂಶೋಧನೆಗೆ ಏರ್ಪಾಡು ಮಾಡಲಾಯಿತು. ಪ್ಯಾಟ್ರಿಕ್ ಲೇಡ್ಲಾ, ಡಂಕಿನ್ ಎಂಬ ಇಬ್ಬರು ವಿಜ್ಞಾನಿಗಳು ಆ ರೋಗಕ್ಕೆ ವೈರಸ್ಸೇ ಕಾರಣವೆಂಬುದನ್ನು ಸ್ಥಿರಪಡಿಸಿ, ಆ ದಶಕದಲ್ಲಿಯೇ ಲಸಿಕೆಯನ್ನು ಸಿದ್ಧಗೊಳಿಸಿದರು. ಇಲ್ಲಿ ಹಣ ಕೊಟ್ಟವರು ಅನುಕೂಲಸ್ಥರು. ವೈಟ್‌ಚಾಪೆಲ್ಲಿನ ಸಾಲಿನಲ್ಲಿ ನಿಂತವರು ಬಡವರು. ಆದರೂ ಎರಡೂ ಕಡೆ ಪ್ರೇರಕವಾದುದು ಸಾಕಿದ ಜೀವವನ್ನು ಕಳೆದುಕೊಳ್ಳುವ ದುಃಖವೇ.

ಈ ದುಃಖದ ಅತ್ಯಂತ ಕಠೋರವಾದ ಪರೀಕ್ಷೆ 1939ರಲ್ಲಿ ಬಂದಿತು. ಯುದ್ಧ ಸನ್ನಿಹಿತವಾದಾಗ ವಾಯುದಾಳಿಯ ಮುನ್ನೆಚ್ಚರಿಕೆಗಾಗಿ ನೇಮಿತವಾದ ಪ್ರಾಣಿಸಮಿತಿ ಒಂದು ಸೂಚನಾಪತ್ರವನ್ನು ಹೊರಡಿಸಿತು. ಪ್ರಾಣಿಗಳನ್ನು ಹಳ್ಳಿಗಾಡಿಗೆ ಕಳುಹಿಸಬೇಕು. ನೆರೆಯವರ ವಶಕ್ಕೂ ಕೊಡಲಾಗದಿದ್ದರೆ ಅವುಗಳ ಪ್ರಾಣವನ್ನು ನೋವಿಲ್ಲದೆ ತೆಗೆಸುವುದೇ ದಯೆ ಎಂಬುದು ಅದರ ತಾತ್ಪರ್ಯ. ಇದು ಆಜ್ಞೆಯಲ್ಲ, ಸಲಹೆ. ಆದರೂ ಸೆಪ್ಟೆಂಬರ್ 3ರಂದು ಯುದ್ಧ ಘೋಷಿತವಾದೊಡನೆ ಚಿಕಿತ್ಸಾಲಯಗಳ ಮುಂದೆ ಉದ್ದುದ್ದನೆಯ ಸಾಲುಗಳು ನಿಂತುವು. ಲಂಡನ್ನಿನಲ್ಲಿ ಮೊದಲ ವಾರದಲ್ಲಿಯೇ ಸುಮಾರು 4,00,000 ನಾಯಿ ಬೆಕ್ಕುಗಳು ಹತವಾದುವೆಂದು, ಈ ವಿಷಯದ ಮೇಲೆ 2017ರಲ್ಲಿ ಗ್ರಂಥ ಬರೆದ ಇತಿಹಾಸಕಾರ್ತಿ ಹಿಲ್ಡಾ ಕೀನ್ ತಿಳಿಸುತ್ತಾರೆ. ನಗರದ ನಾಯಿ ಬೆಕ್ಕುಗಳಲ್ಲಿ ಕಾಲುಭಾಗದಷ್ಟು ಅವು. ಲಂಡನ್ನಿನ ಮೇಲೆ ಬಾಂಬುಗಳ ಸುರಿಮಳೆ ಆರಂಭವಾದುದು ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ.

1917ರ ಸಾಲಿನಿಂದ ನಾವು ತೆಗೆದ ನಿರ್ಣಯವನ್ನು 1939ರ ಸಾಲು ಸುಳ್ಳು ಮಾಡುತ್ತದೆಯೆ? ನಮಗೆ ಹಾಗೆ ತೋರುವುದಿಲ್ಲ. ಬೀದಿಗೆ ಅಟ್ಟಿಬಿಡುವುದು ಸುಲಭವಾಗಿದ್ದ ದಿನ ಆ ಜನ ಪ್ರಾಣಿಯನ್ನು ಕೈಯಲ್ಲಿ ಹಿಡಿದು ಚಿಕಿತ್ಸಾಲಯಕ್ಕೇ ಬಂದರು. ಇಪ್ಪತ್ತು ವರ್ಷಗಳಲ್ಲಿ ಅಂತಹ ಚಿಕಿತ್ಸಾಲಯಗಳು ಗಳಿಸಿದ್ದ ನಂಬಿಕೆಯೇ ಅಂದು ಅವರನ್ನು ಅಲ್ಲಿಗೆ ತಂದಿತು. ಸಾರ್ವಜನಿಕ ಆಶ್ರಯತಾಣಗಳಿಗೆ ಪ್ರಾಣಿಗಳನ್ನು ಬಿಡುತ್ತಿರಲಿಲ್ಲ. ಮಕ್ಕಳನ್ನು ಊರುಬಿಡಿಸಿ ಕಳುಹಿಸಲಾಗುತ್ತಿತ್ತು. ಮತ್ತೊಮ್ಮೆ ನಿರುಪಾಯವೇ ದಯೆಯ ವೇಷವನ್ನು ಧರಿಸಿತು. ಆದರೆ ಒಂದು ಮಾತನ್ನು ಮರೆಯಬಾರದು: ಮುಕ್ಕಾಲುಭಾಗದ ಪ್ರಾಣಿಗಳು ಉಳಿದುವು. ಅಷ್ಟು ಮನೆಗಳವರು ಸಲಹೆಯನ್ನು ಕೇಳಲಿಲ್ಲ. ಸಾಕಿದವರೆಲ್ಲ ಒಂದೇ ಮನಸ್ಸಿನವರಲ್ಲ. ಅವರನ್ನು ಒಂದು ಗುಂಪೆಂದು ಬಗೆದು ಹೊಗಳುವುದೂ ತೆಗಳುವುದೂ ಚರಿತ್ರೆಗೆ ಸಲ್ಲದು.

ದಾಳಿ ನಿಜವಾಗಿ ಬಂದಾಗ ಅದೇ ಡಿಕಿನ್ ಸಂಸ್ಥೆಯ ರಕ್ಷಣಾತಂಡಗಳು ಕುಸಿದ ಮನೆಗಳ ಅಡಿಯಿಂದ ಪ್ರಾಣಿಗಳನ್ನು ಹೊರತೆಗೆದುವು. ಅಂಥ ಒಂದು ತಂಡದ ಮುಖ್ಯಸ್ಥನ ನಾಯಿ ಬ್ಯೂಟಿ 63 ಪ್ರಾಣಿಗಳನ್ನು ಪತ್ತೆಹಚ್ಚಿತು. 1943ರಲ್ಲಿ ಸ್ಥಾಪಿತವಾದ ಡಿಕಿನ್ ಪದಕ 1945ರಲ್ಲಿ ಅದಕ್ಕೆ ದೊರೆಯಿತು.

1948ರಲ್ಲಿ ವಿವಾದ ಒಂದು ನೆಲೆಗೆ ಬಂದಿತು. ಆ ವರ್ಷದ ಕಾಯಿದೆ ಪಶುಚಿಕಿತ್ಸೆಯನ್ನು ನೋಂದಾಯಿತ ವೈದ್ಯರಿಗೆ ಮೀಸಲು ಮಾಡಿತು. ಸಂಸ್ಥೆಯ ಹಳೆಯ ಅನುಭವಸ್ಥರಿಗೆ ಮಿತವಾದ ಅನುಮತಿಯನ್ನು ಕೊಟ್ಟು, ಮುಂದೆ ಪದವೀಧರರ ಕೈಗೇ ಕೆಲಸ ಹೋಗುವಂತೆ ಏರ್ಪಡಿಸಲಾಯಿತು. ಬ್ರಿಟನ್ನಿನಲ್ಲಿ ಮನುಷ್ಯರಿಗೆ ಉಚಿತ ವೈದ್ಯಸೇವೆ ಆರಂಭವಾದುದೂ ಅದೇ ವರ್ಷ, ಜುಲೈ 5ರಂದು. ಮನುಷ್ಯನ ರೋಗದ ಹೊಣೆಯನ್ನು ರಾಜ್ಯ ಹೊತ್ತಿತು; ಅವನ ನಾಯಿಯ ರೋಗ ಧರ್ಮದ ಪಾಲಿಗೇ ಉಳಿಯಿತು. ಜ್ಞಾನದ ಪ್ರಶ್ನೆ ಪರಿಹಾರವಾಯಿತು, ಹಣದ ಪ್ರಶ್ನೆ ಆಗಲಿಲ್ಲ. ಡಿಕಿನ್ನಳ ಸಂಸ್ಥೆ ಇಂದಿಗೂ ನಡೆಯುತ್ತಿರುವುದಕ್ಕೆ ಇದೇ ಕಾರಣ.

ಈ ವೃತ್ತಾಂತದಿಂದ ಚರಿತ್ರೆಯ ವಿದ್ಯಾರ್ಥಿಗೆ ಒಂದು ಪಾಠವುಂಟು. ಒಂದು ಚಿಕಿತ್ಸಾಲಯದ ಯೋಗ್ಯತೆಯನ್ನು ಅದರ ಕಟ್ಟಡದಿಂದಲೂ ವೈದ್ಯರ ಪದವಿಗಳಿಂದಲೂ ಅಳೆದರೆ ಸಾಲದು; ಯಾರು ಬಂದರು, ಎಷ್ಟು ದೂರದಿಂದ ಬಂದರು, ಏನನ್ನು ಬಿಟ್ಟು ಬಂದರು ಎಂಬುದನ್ನೂ ಕೇಳಬೇಕು. ನಮ್ಮ ತಾಲ್ಲೂಕುಗಳ ಪಶುವೈದ್ಯಶಾಲೆಗಳ ಹಳೆಯ ದಾಖಲೆಪುಸ್ತಕಗಳಲ್ಲಿ ಎತ್ತಿನ ಹೆಸರಿನ ಪಕ್ಕದಲ್ಲಿ ರೈತನ ಹೆಸರೂ ಊರೂ ಇರುತ್ತವೆ. ಅವು ಗೆದ್ದಲಿಗೆ ಆಹಾರವಾಗುವುದಕ್ಕೆ ಮುಂಚೆ ವಿದ್ಯಾರ್ಥಿಗಳು ಅವನ್ನು ಓದಿಕೊಂಡರೆ, ಮಾತು ಬಾರದ ರೋಗಿಯ ಪರವಾಗಿ ಮಾತನಾಡಿದವರ ಚರಿತ್ರೆಯನ್ನು ನಾವೂ ಬರೆಯಬಹುದು.