ಮಣಿಕಟ್ಟಿನ ಲೆಕ್ಕ

ಬೆಂಗಳೂರಿನ ಬಳೇಪೇಟೆಯಲ್ಲಿ ಬಳೆಗಾರನ ಮುಂದೆ ಕೈ ನೀಡಿದ ಹೆಣ್ಣುಮಗಳನ್ನು ಆತ ಎತ್ತರವೆಷ್ಟು, ತೂಕವೆಷ್ಟು ಎಂದು ಕೇಳುವುದಿಲ್ಲ. ಹಸ್ತವನ್ನು ಮೆಲ್ಲನೆ ಒತ್ತಿ, ಹೆಬ್ಬೆರಳನ್ನು ಒಳಕ್ಕೆ ಮಡಿಸಿ ನೋಡಿ, ‘ಎರಡು ನಾಲ್ಕು’ ಎಂದೋ ‘ಎರಡು ಆರು’ ಎಂದೋ ತೀರ್ಪು ಕೊಟ್ಟುಬಿಡುತ್ತಾನೆ. ಈ ಲೆಕ್ಕದಲ್ಲಿ ಮೊದಲಿನದು ಇಂಚು, ಮುಂದಿನದು ಇಂಚಿನ ಹದಿನಾರನೆಯ ಪಾಲು. ಎರಡು ನಾಲ್ಕೆಂದರೆ ಬಳೆಯ ಒಳವ್ಯಾಸ ಎರಡೂಕಾಲು ಇಂಚು. ಎರಡು ಎಂಟೆಂದರೆ ಎರಡೂವರೆ. ಮೈ ಸ್ವಲ್ಪ ತುಂಬಿದರೂ ಇಳಿದರೂ ಈ ಅಳತೆ ಅಷ್ಟಾಗಿ ಕದಲುವುದಿಲ್ಲ. ಬಳೆಗಾರನ ಕೈ ತಡಕುವುದು ಮಾಂಸವನ್ನಲ್ಲ, ಎಲುಬನ್ನು. ಮೈಕಟ್ಟು ಎಂಬ ನಮ್ಮ ಮಾತಿನಲ್ಲಿರುವ ‘ಕಟ್ಟು’ ಇದೇ. ಮನೆಗೆ ಹಂದರವಿರುವಂತೆ ಮೈಗೂ ಇರುವ ಎಲುಬಿನ ಹಂದರ.

ಈ ಹಂದರವನ್ನು ಅಳೆಯಬೇಕೆಂಬ ಆಸೆ ಬಹಳ ಹಳೆಯದು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ರೋಗಿಯ ಪರೀಕ್ಷೆಯ ಅಂಗವಾಗಿ ‘ಪ್ರಮಾಣ’ವೂ ಬರುತ್ತದೆ. ಅಲ್ಲಿ ಪುರುಷನ ಎತ್ತರ 84 ಅಂಗುಲ. ಎರಡು ಕೈ ಚಾಚಿದಾಗಿನ ಅಗಲವೂ ಅಷ್ಟೇ. ಇದಕ್ಕಿಂತ ಮುಖ್ಯವಾದದ್ದು ಆ ಅಂಗುಲ ಯಾರದು ಎಂಬುದು. ಅಳೆಯಿಸಿಕೊಳ್ಳುವವನದೇ! ಸುಶ್ರುತನ ಲೆಕ್ಕದ ಮೊತ್ತ ಬೇರೆಯಾದರೂ ಅಲ್ಲಿಯೂ ಮಾನದಂಡ ಆಯಾ ಮನುಷ್ಯನ ಸ್ವಂತ ಬೆರಳೇ. ಕುಳ್ಳನೂ ಅಜಾನುಬಾಹುವೂ ತಮ್ಮ ತಮ್ಮ ಬೆರಳಿನಿಂದ ತಮ್ಮನ್ನೇ ಅಳೆದುಕೊಳ್ಳುತ್ತಾರೆ. ಒಬ್ಬನ ದೇಹವನ್ನು ಇನ್ನೊಬ್ಬನ ದೇಹಕ್ಕೆ ಸಾಕ್ಷಿ ನಿಲ್ಲಿಸುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಅಳತೆಯೊಂದು ಕಳೆದ ಶತಮಾನದ ಆರಂಭದಲ್ಲಿ ನಮ್ಮಲ್ಲಿಗೆ ಬಂದಿತು. 1901ರಲ್ಲಿ ರೂಪುಗೊಂಡ ಭಾರತ ಸರ್ಕಾರದ ಜನಾಂಗ ಸಮೀಕ್ಷೆಯ ಯೋಜನೆಯಲ್ಲಿ ಆಚಾರ ವಿಚಾರಗಳ ವರದಿಯೊಡನೆ ದೇಹಮಾಪನವೂ ಸೇರಿತ್ತು. ಮದರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಉಪಕರಣ ಹಿಡಿದು ಜನರ ತಲೆ ಮೂಗುಗಳನ್ನು ಅಳೆದನು. ಮೈಸೂರು ಸೀಮೆಯಲ್ಲಿ ಸಮೀಕ್ಷೆಯ ಹೊಣೆ ಹೊತ್ತವರು ಎಚ್. ವಿ. ನಂಜುಂಡಯ್ಯನವರು, ಚಾಮರಾಜಪೇಟೆಯಲ್ಲಿ ಇಂದು ನೆಲೆನಿಂತಿರುವ ಕನ್ನಡ ಸಾಹಿತ್ಯ ಪರಿಷತ್ತಿಗೆ 1915ರಲ್ಲಿ ಮೊದಲ ಅಧ್ಯಕ್ಷರಾದವರೂ ಅವರೇ. ಮೂಗಿನ ಅಗಲದಿಂದ ಜನಾಂಗದ ಮೇಲುಕೀಳು ಗೊತ್ತುಮಾಡಲು ಹೊರಟ ಆ ವಿದ್ಯೆಯ ಬುಡವನ್ನು ವಿಜ್ಞಾನ ಎಂದೋ ಕಿತ್ತುಹಾಕಿದೆ. ಅಳತೆಗೆ ಮೈಯೊಡ್ಡಿದವನಿಗೆ ಅದರಿಂದ ಆದ ಪ್ರಯೋಜನವಂತೂ ಸೊನ್ನೆ.

ಅಳತೆಯ ಪಟ್ಟಿಯನ್ನು ಮತ್ತೆ ಅವನ ಕೈಗೇ ಕೊಟ್ಟವರು, ವಿಚಿತ್ರವೆನಿಸಿದರೂ ನಿಜ, ಜಟ್ಟಿಗಳು. ಯೂಜಿನ್ ಸ್ಯಾಂಡೋ ಎಂಬ ಬಲಶಾಲಿ 1897ರ ತನ್ನ ಪುಸ್ತಕದ ಮೂಲಕ ವ್ಯಾಯಾಮವನ್ನು ಮನೆಮನೆಗೆ ತಲುಪಿಸಿದನು. ಅಂಚೆಯಲ್ಲಿಯೂ ಪಾಠ ಹೇಳಿದನು. ಅಂಚೆಯ ಗುರುವಿಗೆ ಶಿಷ್ಯನು ಕಾಣುವುದು ಅಂಕಿಗಳಲ್ಲಿ ಮಾತ್ರ. ಕತ್ತು, ಎದೆ, ತೋಳು, ಮಣಿಕಟ್ಟು, ತೊಡೆ, ಮೀನಖಂಡಗಳ ಸುತ್ತಳತೆಯಲ್ಲಿ. ನಮ್ಮ ಗರಡಿಯ ವಸ್ತಾದನಿಗೆ ಈ ತಾಪತ್ರಯವಿರಲಿಲ್ಲ. ಕೆಮ್ಮಣ್ಣಿನ ಅಖಾಡಕ್ಕೆ ಇಳಿದ ಹುಡುಗನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರೆ ಅವನಿಗೆಷ್ಟು ಬಸ್ಕಿ, ಎಷ್ಟು ದಂಡೆ ಎಂಬುದು ಗೊತ್ತಾಗುತ್ತಿತ್ತು.

ಸ್ಯಾಂಡೋ 1904-05ರಲ್ಲಿ ಭಾರತದಲ್ಲಿ ಪ್ರವಾಸ ಮಾಡಿದನು. ಅವನಂಥವರು ತೆರೆದ ದಾರಿಯನ್ನು ನಮ್ಮ ನೆಲದ ಸೂರ್ಯನಮಸ್ಕಾರ, ಯೋಗಾಸನಗಳೊಡನೆ ಬೆಸೆದವರಲ್ಲಿ ಬೆಂಗಳೂರಿನ ಕೆ. ವಿ. ಅಯ್ಯರ್ ಅವರದು ದೊಡ್ಡ ಹೆಸರು. 1897ರಲ್ಲಿ ಹುಟ್ಟಿ 1980ರಲ್ಲಿ ತೀರಿಕೊಂಡ ಈ ಮಹನೀಯರನ್ನು ಸಾಹಿತ್ಯಪ್ರಿಯರು ‘ಶಾಂತಲಾ’, ‘ರೂಪದರ್ಶಿ’ಗಳ ಕರ್ತೃವೆಂದು ಬಲ್ಲರು, ಕೈಲಾಸಂ ಅವರ ಆಪ್ತರೆಂದು ರಂಗಭೂಮಿಯವರು ಬಲ್ಲರು. ಜಯಚಾಮರಾಜೇಂದ್ರ ರಸ್ತೆಯ ಅವರ ವ್ಯಾಯಾಮಶಾಲೆಗೆ ಬಸವನಗುಡಿ, ಚಾಮರಾಜಪೇಟೆಗಳು ನಡೆದು ಹೋಗುವಷ್ಟು ಹತ್ತಿರ. ನಾಲ್ವಡಿ ಕೃಷ್ಣರಾಜ ಒಡೆಯರ ಮನ್ನಣೆ ಅವರಿಗಿತ್ತು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸಿಕ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದರು. ಅವರ ಭಾವಚಿತ್ರಗಳು ವಿದೇಶೀ ಪತ್ರಿಕೆಗಳಲ್ಲಿ ಅಚ್ಚಾದವು. ದಪ್ಪ ಎಲುಬಿನ ಯೂರೋಪಿಯನ್ನನೇ ಬಲಕ್ಕೆ ಮಾದರಿಯಾಗಿದ್ದ ಕಾಲದಲ್ಲಿ, ಪುಸ್ತಕದ ಹುಳುವೆಂದು ಹಾಸ್ಯಕ್ಕೊಳಗಾಗುತ್ತಿದ್ದ ಊರಿನ ನರಪೇತಲ ತರುಣನಿಗೆ ಆ ಚಿತ್ರಗಳು ಎಂಥ ಧೈರ್ಯ ಕೊಟ್ಟಿರಬೇಕು! ಶಿಲ್ಪಿ ಕಲ್ಲನ್ನು ಬದಲಾಯಿಸಲಾರ, ಕಲ್ಲಿನೊಳಗಿನ ರೂಪವನ್ನು ತೆಗೆಯಬಲ್ಲ. ಹೊಯ್ಸಳರ ಶಿಲ್ಪಕ್ಕೆ ಮನಸೋತ ಕಾದಂಬರಿಕಾರನೇ ವ್ಯಾಯಾಮದ ಗುರುವೂ ಆದದ್ದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ.

ಇತ್ತ ಅಮೆರಿಕದಲ್ಲಿ ಮೆಟ್ರೊಪಾಲಿಟನ್ ಎಂಬ ಜೀವವಿಮಾ ಕಂಪನಿ 1942-43ರಲ್ಲಿ ಎತ್ತರಕ್ಕೆ ತಕ್ಕ ತೂಕದ ಕೋಷ್ಟಕವೊಂದನ್ನು ಹೊರಡಿಸಿತು. ಸಣ್ಣ, ಮಧ್ಯಮ, ದೊಡ್ಡ ಎಂದು ಅದರಲ್ಲಿ ಮೂರು ಮೈಕಟ್ಟು. ತಮಾಷೆಯೆಂದರೆ, ಯಾರದು ಯಾವ ಕಟ್ಟು ಎಂದು ತಿಳಿಯುವ ಬಗೆಯನ್ನೇ ಅದು ಹೇಳಲಿಲ್ಲ. ಮೈ ಬೆಳೆದವರೆಲ್ಲ ‘ನನ್ನದು ದೊಡ್ಡ ಕಟ್ಟು’ ಎಂದು ಸಮಾಧಾನಪಟ್ಟುಕೊಳ್ಳಲು ಅಡ್ಡಿಯೇನಿತ್ತು? ನಲವತ್ತು ವರ್ಷಗಳ ಮೇಲೆ, 1983ರ ಕೋಷ್ಟಕದಲ್ಲಿ, ಮೊಣಕೈಯ ಎಲುಬಿನ ಅಗಲ ನೋಡುವ ಕ್ರಮ ಸೇರಿತು. ತೋಳನ್ನು ಮುಂದಕ್ಕೆ ಚಾಚಿ, ಮೊಣಕೈಯನ್ನು ಮೂಲೆಮಟ್ಟಕ್ಕೆ ಮಡಿಸಿ, ಎರಡು ಪಕ್ಕದ ಎಲುಬಿನ ಗಂಟುಗಳ ನಡುವಣ ದೂರವನ್ನು ನೋಡಬೇಕು. ಐದಡಿಯ ಆಸುಪಾಸಿನ ಹೆಂಗಸಿಗೆ ಅದು ಎರಡೂಕಾಲರಿಂದ ಎರಡೂವರೆ ಇಂಚಿದ್ದರೆ ಮಧ್ಯಮ ಕಟ್ಟು. ನಮ್ಮ ಬಳೆಗಾರನ ಎರಡು ನಾಲ್ಕು, ಎರಡು ಎಂಟುಗಳೇ! ಅಳೆಯುವ ಎಲುಬು ಬೇರೆಯಾದ್ದರಿಂದ ಇದು ಕಾಕತಾಳೀಯವಷ್ಟೇ. ಆದರೂ ಸೊಗಸಾದ ಕಾಕತಾಳೀಯ.

ಇದಕ್ಕಿಂತ ಸುಲಭವಾದದ್ದು ಮಣಿಕಟ್ಟಿನ ಲೆಕ್ಕ. ಹಸ್ತದ ಬುಡದಲ್ಲಿ, ಎಲುಬಿನ ಗುಬುಟಿಗಿಂತ ಬೆರಳ ಕಡೆಗೆ ದರ್ಜಿಯ ಟೇಪು ಸುತ್ತಿ, ಎತ್ತರವನ್ನು ಆ ಸುತ್ತಳತೆಯಿಂದ ಭಾಗಿಸಬೇಕು. ಗಂಡಸಿಗೆ 9.6ರಿಂದ 10.4ರ ವರೆಗೆ ಬಂದರೆ ಮಧ್ಯಮ. ಹೆಚ್ಚಾದರೆ ಸಣ್ಣ ಕಟ್ಟು, ಕಡಿಮೆಯಾದರೆ ದೊಡ್ಡದು. ಹೆಂಗಸಿಗೆ ಈ ಮಿತಿ 10.1ರಿಂದ 11. ನೂರರವತ್ತೈದು ಸೆಂಟಿಮೀಟರು ಎತ್ತರದವನ ಮಣಿಕಟ್ಟು 16 ಸೆಂಟಿಮೀಟರಾದರೆ ಭಾಗಲಬ್ಧ 10.3, ಮಧ್ಯಮ, ಹದಿನೈದೂವರೆಯಾದರೆ 10.6, ಸಣ್ಣ ಕಟ್ಟು. ಟೇಪೂ ಬೇಡವೆನ್ನುವವರು ಹೆಬ್ಬೆರಳು, ನಡುಬೆರಳುಗಳಿಂದ ಇನ್ನೊಂದು ಮಣಿಕಟ್ಟನ್ನು ಬಳಸಿ ನೋಡುತ್ತಾರೆ. ಬೆರಳುಗಳು ಒಂದರ ಮೇಲೊಂದು ಬಂದರೆ ಸಣ್ಣ, ತಾಕಿದರೆ ಮಧ್ಯಮ, ಕೂಡದಿದ್ದರೆ ದೊಡ್ಡದು. ಚರಕನ ಸ್ವಂತ ಬೆರಳು ಹೀಗೆ ಹಿಂತಿರುಗಿತು! ಆದರೆ ವೀಣೆ ನುಡಿಸುವವರಂಥ ನೀಳ ಬೆರಳಿದ್ದವರಿಗೆ ಇದು ಸುಳ್ಳು ಹೇಳುವುದುಂಟು, ಟೇಪೇ ವಾಸಿ.

ಇಷ್ಟು ಅಳೆದ ಮೇಲೆ ಈ ಅಂಕಿಯನ್ನು ಎಷ್ಟು ನಂಬಬೇಕು? ಈ ಮಿತಿಗಳೆಲ್ಲ ಪಾಶ್ಚಾತ್ಯ ದೇಹಗಳಿಂದ ಹುಟ್ಟಿದವು. ಅವುಗಳ ಮುಂದೆ ನಮ್ಮಲ್ಲಿ ಅನೇಕರು ‘ಸಣ್ಣ ಕಟ್ಟಿ’ನವರಾಗುವುದು ಕುಂದಲ್ಲ. ಕಟ್ಟಿನ ಲೆಕ್ಕ ಎಲುಬಿನ ಮಾತನ್ನಷ್ಟೇ ಹೇಳುತ್ತದೆ. ಅದರ ಮೇಲೆ ಹೊದ್ದಿರುವುದು ಸ್ನಾಯುವೋ ಕೊಬ್ಬೋ ಎಂಬುದನ್ನು ಹೇಳಲಾರದು. ‘ನಾನು ಸಣಕಲು, ನನಗೇನು ಭಯ’ ಎನ್ನುವ ನಮ್ಮವರ ನೆಮ್ಮದಿಗೆ ಪೆಟ್ಟು ಬಿದ್ದದ್ದು ಇಲ್ಲಿಯೇ. 2004ರಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಅವರೂ ಲಂಡನ್ನಿನ ಯುಡ್‌ಕಿನ್ ಅವರೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮವೇ ಎರಡು ಭಾವಚಿತ್ರಗಳನ್ನು ಅಕ್ಕಪಕ್ಕ ಪ್ರಕಟಿಸಿದರು. ಎತ್ತರ ತೂಕಗಳ ಸೂಚ್ಯಂಕ ಇಬ್ಬರದೂ 22.3. ಆದರೆ ಮೈಯ ಕೊಬ್ಬು ಯುಡ್‌ಕಿನ್ ಅವರಲ್ಲಿ ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2! ಸಪೂರವಾಗಿ ಕಾಣುವ ಭಾರತೀಯನು ಒಳಗೆ ಕೊಬ್ಬು ಹೊತ್ತು ಸಿಹಿಮೂತ್ರಕ್ಕೆ ಬೇಗ ತುತ್ತಾಗಬಲ್ಲನೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯದವರಿಗೆ 25ರ ಬದಲು 23ರಲ್ಲಿಯೇ ಎಚ್ಚರ ಬೇಕೆಂದರು.

ಆದ್ದರಿಂದ ಮಣಿಕಟ್ಟಿಗೆ ಸುತ್ತಿದ ಟೇಪನ್ನು ಮಡಿಸಿಡುವ ಮೊದಲು, ಉಸಿರು ಬಿಗಿಹಿಡಿಯದೆ, ಸೊಂಟಕ್ಕೂ ಒಮ್ಮೆ ಸುತ್ತಬೇಕು. ದಕ್ಷಿಣ ಏಷ್ಯದ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80. ಕಟ್ಟು ಸಣ್ಣದಿರಲಿ ದೊಡ್ಡದಿರಲಿ, ಅಲ್ಲಿಂದಾಚೆಗೆ ವೈದ್ಯರನ್ನು ಕಾಣುವ ಕೆಲಸವಿದೆ.