ಕೇಶಿರಾಜನ ಪಟ್ಟಿ, ನಮ್ಮ ಮಕ್ಕಳ ನಾಲಿಗೆ

ಸಾಂಕೋಲೆಯಲ್ಲಿ ನಾವು ಕಲಿಸುವ ಮಕ್ಕಳಲ್ಲಿ 'ಬಾಳೆ'ಗೆ 'ಬಾಲೆ' ಎನ್ನುವವರು ಇದ್ದೇ ಇರುತ್ತಾರೆ. 'ಇವನ ನಾಲಿಗೆ ದಪ್ಪ ರೀ ಸರ್' ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಈ 'ಬಾಳೆ'ಯೇ ಹಳಗನ್ನಡದಲ್ಲಿ 'ಬಾೞೆ' ಆಗಿತ್ತು. ಮಳೆ 'ಮೞೆ', ಏಳು 'ಏೞು'. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿಯೂ ಅಂಗುಳಕ್ಕೆ ಒತ್ತದೆ ನುಡಿಯುವ ಅಕ್ಷರವದು. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞಕಾರದ ಪದಗಳನ್ನು ಪಟ್ಟಿ ಮಾಡಿಟ್ಟ. ಎಲ್ಲರ ಬಾಯಲ್ಲೂ ಅದು ಸರಿಯಾಗಿ ಬರುತ್ತಿದ್ದರೆ ಪಟ್ಟಿ ಯಾಕೆ ಬೇಕಿತ್ತು? ಮುಂದೆ ಅದು ಳಕಾರದಲ್ಲಿ, ಕೆಲವೆಡೆ ರಕಾರದಲ್ಲಿ ಬೆರೆತುಹೋಯಿತು. ತಮಿಳು, ಮಲಯಾಳದಲ್ಲಿ ಇಂದಿಗೂ ಉಳಿದಿದೆ. ಕನ್ನಡಿಗರ ನಾಲಿಗೆಯೇನು ಬೇರೆ ಮಾಂಸದ್ದೇ? ಕೇಳಿ ಕಲಿಯುವ ರೂಢಿ ತಪ್ಪಿತು, ಅಷ್ಟೆ.

ಹಾಗೆಂದು ಅಂಗರಚನೆಗೆ ಪಾತ್ರವೇ ಇಲ್ಲವೆನ್ನಲಾಗದು. ನಾಲಿಗೆಯ ಉದ್ದ, ಅಂಗುಳದ ಕಮಾನು ಒಬ್ಬೊಬ್ಬರದು ಒಂದೊಂದು ತರಹ. ಅಮೆರಿಕದ ಇಂಗ್ಲಿಷಿನ ರಕಾರವನ್ನು ಕೆಲವರು ತುದಿ ಎತ್ತಿ, ಕೆಲವರು ನಡು ಉಬ್ಬಿಸಿ ನುಡಿಯುತ್ತಾರೆಂದು 1968ರಲ್ಲೇ ಎಕ್ಸ್‌ರೇ ಚಿತ್ರಗಳಿಂದ ತೋರಿಸಲಾಗಿದೆ. ಕಿವಿಗೆ ಎರಡೂ ಒಂದೇ. ನಾಲಿಗೆಯಡಿಯ ಪೊರೆ ಗಿಡ್ಡವಾಗಿ ತುದಿ ಮೇಲೇಳದಿದ್ದರೆ ವೈದ್ಯರಿಗೆ ತೋರಿಸಬೇಕು. ಉಳಿದ ಮಕ್ಕಳಿಗೆ ನಾವು 'ಬಾಳೆ' ಎಂದು ನಿಧಾನವಾಗಿ ಹೇಳುತ್ತೇವೆ. ಎಷ್ಟು ಮಡಚಬೇಕೆಂದು ಅವರೇ ಹುಡುಕಿಕೊಳ್ಳುತ್ತಾರೆ.